ಕೆಂಪು ಸೀರೆ, ಗದ್ದದ ಹಚ್ಚೆ

ಚನ್ನಪಟ್ಟಣ, ಪೇಟೆ ಬೀದಿ
೧೧ ಮಾರ್ಚಿ ೧೯೨೭, ಶುಕ್ರವಾರ

ಪ್ರೀತಿಯ ಶಿವಿಗೆ,

ಕಲ್ಯದ ಮನೆಯಲ್ಲಿ ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿ ನಿನ್ನ ಜಹೀದಾ ಮಾಡುವ ಸಲಾಮು.

ನಿನ್ನ ಕಾಗದ ಸೋಮವಾರ ತಲುಪಿತು. ನೀನು ಲಗ್ನವಾಗಿ ಈ ಊರು ಬಿಟ್ಟು ಹೋದ ಮೇಲೆ ಇಪ್ಪತ್ತು ವರ್ಷದಲ್ಲಿ ನನಗೆ ಬರೆದ ಕಾಗದಗಳಲ್ಲಿ "ಪ್ರೀತಿಯ" ಎಂಬ ಮಾತಿಲ್ಲದ್ದು ಇದೊಂದೇ. ನೇರವಾಗಿ ಶುರು ಮಾಡಿದ್ದೀಯ: "ನಮ್ಮ ಮನೆಯವರು ನೀಲಿ ಹಾಕಿ ಎಂದು ಹೇಳಿದ ಸೀರೆಗೆ ನೀನು ಕೆಂಪು ಹಾಕಿದ್ದು ಏಕೆ? ನಿನಗೆ ನಾವು ಮಾಡಿದ ಕೇಡಾದರೂ ಏನು?"

ಕೇಳುವ ಹಕ್ಕು ನಿನಗಿದೆ. ಹೋದ ತಿಂಗಳು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನ್ನ ಯಜಮಾನರು ಬೈರಪ್ಪಣ್ಣ ನಿನಗೆ ಎಷ್ಟು ಹೇಳಿದ್ದಾರೋ ಗೊತ್ತಿಲ್ಲ. ಅವರು ಹೆಚ್ಚು ಮಾತಿನವರಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದಿದ್ದರೆ ಬೇಸರಪಡಬೇಡ.

ಫೆಬ್ರವರಿ ಮೊದಲ ವಾರದಲ್ಲಿ ಬೈರಪ್ಪಣ್ಣ ನಮ್ಮ ಹುಸೇನಣ್ಣನ ಫೋಟೋ ಅಂಗಡಿಗೆ ಬಂದರು. ಹೋದ ವರ್ಷ ನಿನ್ನ ನಾದಿನಿ ಚಿಕ್ಕಲಕ್ಷ್ಮಿಯ ಮದುವೆಯಾದ ಹೊಸದರಲ್ಲಿ, ನೀವೆಲ್ಲ ನಿನ್ನ ತವರಿಗೆ ಬಂದಾಗ ತೆಗೆಸಿದಿರಲ್ಲ, ಆ ಫೋಟೋ ಅವರ ಕೈಯಲ್ಲಿತ್ತು. ಕುರ್ಚಿಯಲ್ಲಿ ಅವರು, ಪಕ್ಕದಲ್ಲಿ ನೀನು, ನಿನ್ನ ಮುಂದೆ ನೆಲದ ಮೇಲೆ ಕೂತವಳು ಮಗಳು ಸಾಕಮ್ಮ, ಹಿಂದೆ ನಿಂತವಳು ಚಿಕ್ಕಲಕ್ಷ್ಮಿ. ನಾನು ಎಂದಿನಂತೆ ಪರದೆಯ ಹಿಂದೆ ಕೂತು ಯಾರದೋ ಫೋಟೋದ ರುಮಾಲಿಗೆ ಬಣ್ಣ ಹಾಕುತ್ತಿದ್ದೆ.

"ಜಹೀದಮ್ಮ, ನಮ್ ಚಿಕ್ಕಿ ಕೂಟಗಲ್ಲಿನ ಗಂಡನ ಮನೆಯಿಂದ ಕಾಣೆಯಾಗಿ ಹದಿನೈದು ದಿನ ಆಯ್ತು," ಎಂದರು. "ಪೋಲೀಸ್ನೋರ್ಗೆ ಕೊಡೋಕೆ ಫೋಟೋ ಬೇಕಂತೆ. ಅವಳಿಗೆ ಮಾತ್ರ ಬಣ್ಣ ಹಾಕಿ. ಮಿಕ್ಕೋರೆಲ್ಲ ಹಂಗೇ ಕಪ್ಪಾಗಿರ್ಲಿ. ನೋಡ್ದೋರ ಕಣ್ಣು ಸೀದಾ ಅವಳ ಮೇಲೇ ಬೀಳ್ಬೇಕು ಅಂತ ನಮ್ ಬೀಗರು, ಅವಳ ಮಾವ ನರಸಯ್ಯನೋರು ಹೇಳವ್ರೆ."

ಮನೆ ಬಿಟ್ಟಾಗ ಇದೇ ಸೀರೆ ಉಟ್ಟಿದ್ದಳೇ ಎಂದು ಕೇಳಿದೆ. ಹೌದು, ಇದೇ ಸೀರೆ ಎಂದರು. ಬಣ್ಣ ಯಾವುದು ಎಂದೆ.

"ನೀಲಿ."

ಆಮೇಲೆ ತಡೆದು ತಡೆದು ಇನ್ನೊಂದು ಮಾತು ಹೇಳಿದರು: "ಗದ್ದದ ಮೇಲಿನ ಹಚ್ಚೆ ಐತಲ್ಲ, ಅದು ಕಾಣ್ದಂಗೆ ಬಣ್ಣ ಬಳಿದ್ಬುಡಿ. ಫೋಟೋದಾಗೆ ಕಲೆ ಬಿದ್ದಂಗೆ ಕಾಣ್ತದೆ."

ಅವರು ಹೊರಟುಹೋದ ಮೇಲೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಿನ್ನ ನಾದಿನಿಯ ಸೀರೆ ಅದರಲ್ಲಿ ಮಸಿಯಷ್ಟು ಕಪ್ಪು. ಕ್ಯಾಮೆರಾದೊಳಗಿನ ಗಾಜಿನ ಪ್ಲೇಟಿನ ಗುಣ ನಿನಗೆ ಗೊತ್ತಿರಲಾರದು, ಶಿವಿ. ನೀಲಿ ಬಟ್ಟೆ ಅದರಲ್ಲಿ ಒಗೆದು ಮಡಿಸಿಟ್ಟ ಪಂಚೆಯ ಹಾಗೆ ಬೆಳ್ಳಗೆ ಬರುತ್ತದೆ, ಕಪ್ಪಾಗುವುದು ಕೆಂಪು. ಹದಿನಾಲ್ಕು ವರ್ಷದಿಂದ ಫೋಟೋಗಳಿಗೆ ಬಣ್ಣ ಹಾಕುತ್ತಿದ್ದೇನೆ, ಇದರಲ್ಲಿ ಒಮ್ಮೆಯೂ ಮೋಸ ಹೋಗಿಲ್ಲ. ಮೇಲಾಗಿ ಆ ದಿನ ಅವಳ ನೆರಿಗೆ ಸರಿಮಾಡಿ ನಿಲ್ಲಿಸಿದವಳು ನಾನೇ. ದಾಸವಾಳದಂಥ ಕೆಂಪು ಅದು.

ಸೀರೆಯ ಬಣ್ಣ ಗಂಡಸರಿಗೆ ನೆನಪಿರುವುದಿಲ್ಲ, ಇರಲಿ ಎಂದುಕೊಂಡೆ. ಆದರೆ ಹಚ್ಚೆ? ಕಳೆದುಹೋದ ತಂಗಿಯನ್ನು ಹುಡುಕಿಸುವ ಅಣ್ಣ ಅವಳ ಮುಖದ ಗುರುತನ್ನು ಅಳಿಸಿ ಎನ್ನುತ್ತಾನೆಯೇ?

ಆ ವಾರವೇ ಕ್ಲೋಸ್‌ಪೇಟೆಯ ಹತ್ತಿರ ಅರ್ಕಾವತಿಯ ಮಡುವಿನಲ್ಲಿ ಒಂದು ಹೆಣ್ಣಿನ ಹೆಣ ಸಿಕ್ಕಿತ್ತು. ಸೊಪ್ಪು ಮಾರುವ ವಜೀರಾ ಬಂದು ಹೇಳಿದಳು, ಮುಖ ಗುರುತು ಸಿಗದಷ್ಟು ಕೆಟ್ಟಿದೆಯಂತೆ, ಮೈಮೇಲೆ ಕೆಂಪು ಸೀರೆಯಂತೆ.

ನಾನು ಏನು ಅಂದುಕೊಂಡೆ ಎಂದು ನಿನಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಮುಚ್ಚಿಟ್ಟು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ. ನಿನ್ನ ಗಂಡ ತನ್ನ ತಂಗಿಯನ್ನು ತಾನೇ ಹೊಳೆಗೆ ನೂಕಿದ್ದಾನೆ ಎಂದುಕೊಂಡೆ. ಗಂಡನ ಮನೆ ಬಿಟ್ಟು ಓಡಿಬಂದಳೆಂದು ಸಿಟ್ಟಿಗೆ ಏನೋ ಮಾಡಿದ್ದಾನೆ, ಈಗ ಹೆಣದ ಸೀರೆಗೂ ಫೋಟೋದ ಸೀರೆಗೂ ತಾಳೆಯಾಗಬಾರದೆಂದು ಕೆಂಪನ್ನು ನೀಲಿ ಮಾಡಿಸುತ್ತಿದ್ದಾನೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಎಷ್ಟು ಸಲ ಬಂದು ಕೂತಿದ್ದಾರೆ ಅವರು. ನಿನ್ನ ಮೊದಲ ಬಾಣಂತನದಲ್ಲಿ ಕೂಸಿಗೆ ಬಣ್ಣದ ಗಿಲಕಿ ಬೇಕೆಂದು ಕಲ್ಯದಿಂದ ಇಲ್ಲಿಗೆ ಬಂದು ನಮ್ಮಪ್ಪನ ಕೈಯಲ್ಲಿ ಮಾಡಿಸಿಕೊಂಡು ಹೋದವರು. ಅವೆಲ್ಲ ನೆನಪಿಗೆ ಬಂದವು. ಬಂದರೂ ಅನುಮಾನ ಹೋಗಲಿಲ್ಲ. ನಿನಗೊಂದು ಸಾಲು ಬರೆದು ಕೇಳಬಹುದಿತ್ತು. ನಿನಗೂ ಗೊತ್ತಿದ್ದರೆ ಎಂಬ ಭಯ. ಅದಕ್ಕೇ ಬರೆಯಲಿಲ್ಲ.

ಅಣ್ಣನಿಗೆ ಹೇಳಿದೆ. ಅವನು ಬೈದ. ಗಿರಾಕಿ ಹೇಳಿದ ಬಣ್ಣ ಹಾಕುವುದು ನಿನ್ನ ಕೆಲಸ, ಪೋಲೀಸರ ಕೆಲಸ ನಿನಗೇಕೆ ಎಂದ. ನಾನು ಕೇಳಲಿಲ್ಲ. ನಿಮ್ಮೆಲ್ಲರನ್ನೂ ಕಪ್ಪುಬಿಳುಪಿನಲ್ಲೇ ಬಿಟ್ಟು ಅವಳೊಬ್ಬಳ ಸೀರೆಗೆ ಮೂರು ಸಲ ತೆಳುವಾಗಿ ಕೆಂಪು ಹಚ್ಚಿದೆ. ಹಚ್ಚೆಯನ್ನು ಅಳಿಸಲಿಲ್ಲ. ಅಳಿಸದೆ ಸುಮ್ಮನಾದರೂ ಇರಬಹುದಿತ್ತು. ಕೂದಲೆಳೆಯಷ್ಟು ಸಣ್ಣ ಕುಂಚ ತೆಗೆದುಕೊಂಡು ಹಚ್ಚೆಯ ಮೂರು ಚುಕ್ಕಿಗೂ ಎಲೆಹಸಿರು ತುಂಬಿದೆ, ಯಾರೇ ನೋಡಿದರೂ ಮೊದಲು ಅದೇ ಕಾಣಲಿ ಎಂದು.

ಫೋಟೋ ಒಯ್ಯಲು ನರಸಯ್ಯನವರೇ ಬಂದರು. ನಿನ್ನ ಗಂಡನ ಕೈಗೆ ಕೊಡಕೂಡದು ಎಂದು ನಾನೇ ಕೂಟಗಲ್ಲಿಗೆ ಹೋಗುವವರೊಬ್ಬರ ಕೈಯಲ್ಲಿ ಅವರಿಗೆ ಹೇಳಿಕಳಿಸಿದ್ದೆ. ಇದು ಬೈರಪ್ಪಣ್ಣನಿಗೆ ಈಗಲೂ ಗೊತ್ತಿಲ್ಲ. ನಿನಗೆ ಮೊದಲ ಸಲ ಹೇಳುತ್ತಿದ್ದೇನೆ. ಪರದೆಯ ಹಿಂದಿನಿಂದ, ಬೈರಪ್ಪನವರು ನೀಲಿ ಎಂದಿದ್ದರು, ಸೀರೆ ಕೆಂಪು, ಹಚ್ಚೆಯನ್ನೂ ಅಳಿಸಿ ಎಂದಿದ್ದರು ಎಂದೆ.

"ಅವ್ನು ಸುಳ್ಳು ಹೇಳ್ತಾನೆ ಅಂತ ನಂಗೊತ್ತಿತ್ತು ಕಣವ್ವ," ಎಂದರು ಆ ಮುದುಕ. ದನಿಯಲ್ಲಿ ದುಃಖವಿರಲಿಲ್ಲ, ಖುಷಿಯಿತ್ತು. "ಈಗ ಇದ್ನ ಯಾವನ್ ನೋಡಿದ್ರೂ ಗುರ್ತು ಹಿಡೀತಾನೆ, ಅಲ್ವಾ?" ಎಂದು ಎರಡು ಸಲ ಕೇಳಿದರು. ಸೊಸೆ ಬದುಕಿರಬಹುದೇ ಎಂದು ಒಂದು ಸಲವೂ ಅನ್ನಲಿಲ್ಲ. ಅದು ನನ್ನ ಕಿವಿಗೆ ಬಿತ್ತು. ಆದರೆ ನನ್ನ ಅನುಮಾನವೆಲ್ಲ ಇನ್ನೊಬ್ಬರ ಮೇಲೆ ಖರ್ಚಾಗಿಹೋಗಿತ್ತು.

ನಾಲ್ಕು ದಿನ ಬಿಟ್ಟು ಬೈರಪ್ಪಣ್ಣ ಬಂದರು. ಫೋಟೋ ನರಸಯ್ಯನ ಕೈ ಸೇರಿತು, ಅದರಲ್ಲಿ ಸೀರೆ ಕೆಂಪಾಗಿದೆ ಎಂದು ಅಣ್ಣ ಹೇಳುತ್ತಲೂ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತುಬಿಟ್ಟರು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವಳನ್ನ ಕೂಟಗಲ್ಲಿಂದ ಕರ್ಕಂಡು ಹೋದೋನು ನಾನೇ ಜಹೀದಮ್ಮ," ಎಂದರು. "ಕಾನಕಾನಹಳ್ಳೀಲಿ ಗುಲ್ಜಾರ್ ಬೀ ಅಂತ, ರೇಷ್ಮೆ ನೂಲು ತೆಗ್ಸೋ ಅಮ್ಮ. ನಮ್ ಗೂಡೆಲ್ಲ ಆಯಮ್ಮಂಗೇ ಹಾಕೋದು. ಅಲ್ಲಿ ಬಿಟ್ಟಿವ್ನಿ. ನಂಗೆ, ಆಯಮ್ಮಂಗೆ, ನಮ್ ಮನೆಯವ್ಳಿಗೆ, ಮೂವರಿಗೇ ಗೊತ್ತಿರೋದು. ಫೋಟೋ ಕೊಡ್ನಿಲ್ಲ ಅಂದ್ರೆ ನನ್ ಮೇಲೇ ಅನ್ಮಾನ ಬತ್ತದೆ ಅಂತ, ಗುರ್ತು ಸಿಗ್ದಿರೋ ಫೋಟೋ ಕೊಡಾವ ಅಂದ್ಕಂಡೆ. ನಿಮ್ ತಾವ ನಿಜ ಹೇಳೋಕೆ ಧೈರ್ಯ ಸಾಲ್ನಿಲ್ಲ. ಅವಳ ಬೆನ್ನು ನೋಡಿದ್ರೆ ನೀವು ಆ ಬಣ್ಣ ಹಾಕ್ತಿರ್ನಿಲ್ಲ."

ಹೊಳೆಯಲ್ಲಿ ಸಿಕ್ಕಿದ ಹೆಣ ತಮಿಳುಸೀಮೆಯಿಂದ ಕಲ್ಲುಕೆಲಸಕ್ಕೆ ಬಂದವರ ಹೆಂಗಸಿನದೆಂದು ಆ ಹೊತ್ತಿಗೆ ಗೊತ್ತಾಗಿತ್ತು. ಅವರ ಜನ ಬಂದು ಮಣ್ಣು ಮಾಡಿಹೋಗಿದ್ದರು.

ಮರುದಿನ ಬೆಳಿಗ್ಗೆ ನಾನೂ ಅಣ್ಣನೂ ಬೈರಪ್ಪಣ್ಣನೂ ಸಾತನೂರಿನ ಮೇಲೆ ಹೋಗುವ ಮೋಟಾರು ಹತ್ತಿದೆವು. ಕ್ಯಾಮೆರಾ ತಾ ಎಂದು ಅಣ್ಣನಿಗೆ ನಾನೇ ಹೇಳಿದೆ. ಏಕೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಖಾಲಿ ಕೈಯಲ್ಲಿ ಆ ಹುಡುಗಿಯ ಮುಂದೆ ನಿಲ್ಲಲು ಮನಸ್ಸು ಬರಲಿಲ್ಲ, ಅಷ್ಟೆ.

ನಾವು ಹೋಗುವಷ್ಟರಲ್ಲಿ ಗುಲ್ಜಾರ್ ಬೀ ಮನೆಯ ಮುಂದೆ ಜನ ಸೇರಿತ್ತು. ನರಸಯ್ಯ, ಅವರ ಮಗ, ಕೂಟಗಲ್ಲಿನ ಇಬ್ಬರು, ಒಬ್ಬ ಪೋಲೀಸು ಜಮಾದಾರ. ಗುಲ್ಜಾರ್ ಬೀ ಅರವತ್ತು ದಾಟಿದ ಹೆಂಗಸು, ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳೆಲ್ಲ ಬಿಳಿಚಿವೆ. ಹೊಸಲಿನ ಮೇಲೆ ನಿಂತು, "ಒಳ್ಗೆ ಮೂವತ್ತು ಹೆಂಗಸ್ರು ಕೆಲ್ಸ ಮಾಡ್ತಾವ್ರೆ. ಜಮಾದಾರ್ ಸಾಬ್, ನೀವೊಬ್ರೇ ಬನ್ನಿ. ಇವ್ರು ಯಾರೂ ಹೊಸಲು ದಾಟಂಗಿಲ್ಲ," ಎಂದರು. ಚಿಕ್ಕಲಕ್ಷ್ಮಿಯನ್ನು ಕೊಳ್ಳೇಗಾಲದ ಕಡೆಯವಳೆಂದು ಎಲ್ಲರಿಗೂ ಹೇಳಿ ಇಟ್ಟುಕೊಂಡಿದ್ದರಂತೆ. ಜಮಾದಾರನು ಫೋಟೋ ಹಿಡಿದು ಒಳಗೆ ಹೋದ. ಒಬ್ಬೊಬ್ಬರ ಗದ್ದ ನೋಡುತ್ತ ಬಂದು ಅವಳ ಮುಂದೆ ನಿಂತ. ಮೈಮೇಲೆ ಅದೇ ಕೆಂಪು ಸೀರೆ. ಮತ್ತೊಂದು ಇರಲಿಲ್ಲ ಪಾಪ.

ಅವಳು ಕಿರುಚಲಿಲ್ಲ, ಅಳಲಿಲ್ಲ. "ನಾನೇ ಚಿಕ್ಕಲಕ್ಷ್ಮಿ. ನಾ ಬರಾಕಿಲ್ಲ," ಎಂದಳಂತೆ. ನರಸಯ್ಯ ಹೊರಗಿನಿಂದ ಕೂಗಾಡಿದರು. ಬಲವಂತವಾಗಿ ಎಳೆದುಕೊಂಡು ಹೋಗಲು ಜಮಾದಾರ ಒಪ್ಪಲಿಲ್ಲ. ಸೋಮವಾರ ತಾಲೂಕು ಕಚೇರಿಯಲ್ಲಿ ಅಮಲ್ದಾರರು ವಿಚಾರಿಸುತ್ತಾರೆ, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದು ಬಾಗಿಲಿಗೆ ಒಬ್ಬ ಪೇದೆಯನ್ನು ಹಾಕಿ ಹೋದ.

ನಾನು ಒಳಗೆ ಹೋದೆ. ಒಲೆಯ ಮುಂದೆ ಕೂತಿದ್ದವಳು ತಲೆಯೆತ್ತಿ ನೋಡಿದಳು.

"ನೀವೇ ಅಲ್ವಾ ನನ್ ಹಚ್ಚೆಗೆ ಹಸ್ರು ತುಂಬ್ದೋರು?"

ಹೌದು ಎಂದೆ. ಅವಳು ತಿರುಗಿ ಕೂತಳು. ಬೆನ್ನು ತೋರಿಸಲಿಕ್ಕಲ್ಲ, ನನ್ನ ಮುಖ ನೋಡಬಾರದೆಂದು. ಗುಲ್ಜಾರ್ ಬೀ ಬಂದು ಅವಳ ಸೆರಗು ಸರಿಸಿ ರವಿಕೆ ಒಂದಿಷ್ಟು ಮೇಲೆತ್ತಿ ನನಗೆ ತೋರಿಸಿದರು.

ಏಳು ಬರೆ, ಶಿವಿ. ಕಬ್ಬಿಣದ ಸೌಟು ಕಾಯಿಸಿ ಹಾಕಿದ್ದು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮೊದಲನೆಯದು. ಸಾಕಮ್ಮನನ್ನು ನೋಡಿ ಬರುತ್ತೇನೆ, ತವರಿಗೆ ಕಳಿಸಿ ಎಂದದ್ದಕ್ಕೆ ಕಡೆಯ ಎರಡು. ಹಾಕಿದವನು ಗಂಡ, ಕಾಯಿಸಿ ಕೊಟ್ಟವರು ಮಾವ. ಅವಳು ನಿನಗೆ ಇದನ್ನು ಎಂದಾದರೂ ತೋರಿಸಿದ್ದಳೋ ಇಲ್ಲವೋ ತಿಳಿಯದು. ತೋರಿಸಿರಲಾರಳು ಎಂದೇ ನನ್ನ ನಂಬಿಕೆ.

ಇದನ್ನು ಅಮಲ್ದಾರರು ನೋಡಬೇಕು ಎಂದೆ. ಕಚೇರಿಯಲ್ಲಿ ಅಷ್ಟು ಗಂಡಸರ ಮುಂದೆ ಬೆನ್ನು ಬಿಡುವುದಕ್ಕಿಂತ ಸಾಯುತ್ತೇನೆ ಎಂದಳು. ಆಗ ನನಗೆ ಕ್ಯಾಮೆರಾ ನೆನಪಾಯಿತು. "ಮುಖ ಬರಬಾರ್ದು," ಎಂದಳು. ಬರುವುದಿಲ್ಲ ಎಂದು ಆಣೆ ಮಾಡಿದೆ.

ಮರುದಿನ ಬಿಸಿಲೇರಿದ ಮೇಲೆ ಹಿತ್ತಲಲ್ಲಿ ಹೆಂಗಸರು ಸುತ್ತ ಬಿಳೀ ಬಟ್ಟೆ ಹಿಡಿದು ಮರೆ ಕಟ್ಟಿದರು. ಅಣ್ಣ ಕ್ಯಾಮೆರಾ ನಿಲ್ಲಿಸಿ, ಅದರ ಕಣ್ಣಿನ ಮುಚ್ಚಳವನ್ನು ಎಷ್ಟು ಎಣಿಸುವವರೆಗೆ ತೆಗೆದಿಡಬೇಕೆಂದು ಹೇಳಿಕೊಟ್ಟು ಬೀದಿಗೆ ಹೋಗಿ ನಿಂತ. ಮುಚ್ಚಳ ತೆಗೆದವಳು ನಾನು. ಎಂಟು ಎಣಿಸುವವರೆಗೆ ಅವಳು ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತಳು.

ಅಣ್ಣ ಚನ್ನಪಟ್ಟಣಕ್ಕೆ ಹೋಗಿ ಪ್ಲೇಟು ತೊಳೆದು, ಪ್ರಿಂಟನ್ನೂ ನನ್ನ ಬಣ್ಣದ ಪೆಟ್ಟಿಗೆಯನ್ನೂ ತೆಗೆದುಕೊಂಡು ಬಂದ. ನೋಡಿದರೆ ಬರೆಗಳು ಬರೆಗಳಂತೆಯೇ ಕಾಣಲಿಲ್ಲ. ನೆರಳು ಬಿದ್ದಂತೆ, ಮಸಿ ಮೆತ್ತಿದಂತೆ. ಒಲೆಯ ಮುಂದೆ ಕೂರುವವಳ ಮೈಮೇಲಿನ ಮಸಿ ಎಂದು ನರಸಯ್ಯ ಸುಲಭವಾಗಿ ಹೇಳಿಬಿಡಬಹುದಿತ್ತು. ನಾನು ಬಣ್ಣದ ಪೆಟ್ಟಿಗೆ ಬಿಚ್ಚಿದೆ. ಬೆನ್ನಿಗೆ ಹಾಕಲಿಲ್ಲ, ಸೀರೆಗೆ ಹಾಕಲಿಲ್ಲ, ಏಳು ಬರೆಗೆ ಮಾತ್ರ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಒಂದೊಂದನ್ನೂ ನೋಡಿ, ಅದರ ಬಣ್ಣವನ್ನೇ ಕಲಸಿ ಹಾಕಿದೆ. ಹಳೆಯದಕ್ಕೆ ಬಾಡಿದ ಮಾವಿನೆಲೆಯ ಕಂದು, ನಡುವಿನವಕ್ಕೆ ನೇರಳೆ, ಕಡೆಯ ಎರಡಕ್ಕೆ ಹಸಿ ಕೆಂಪು, ಅಂಚಿನಲ್ಲಿ ಕೀವಿನ ಹಳದಿ. ಒಂದೊಂದು ಮುಗಿದಾಗಲೂ ಕುಂಚ ತೊಳೆದು ಮತ್ತೆ ಹಿಡಿದೆ. ಅವಳು ಒಂದೇ ಒಂದು ಮಾತಾಡಿದಳು: "ಹಿಂಗೈತಾ? ನಾನೇ ನೋಡಿರ್ನಿಲ್ಲ."

ಸೋಮವಾರ ಕಚೇರಿಯಲ್ಲಿ ನರಸಯ್ಯ ನನ್ನ ಮೊದಲ ಫೋಟೋವನ್ನು ಮೇಜಿನ ಮೇಲಿಟ್ಟು, ಸೊಸೆ ನಮ್ಮವಳು, ಕಳಿಸಿಕೊಡಿ ಎಂದರು. ಬೈರಪ್ಪಣ್ಣ ಎರಡನೆಯದನ್ನು ಇಟ್ಟರು. ಅಮಲ್ದಾರರು ಅದನ್ನು ಬಹಳ ಹೊತ್ತು ನೋಡಿ ನನ್ನನ್ನು ಕರೆಸಿದರು. ಬುರ್ಖಾ ಸರಿಮಾಡಿಕೊಂಡು ಮೇಜಿನ ಮುಂದೆ ಹೋಗಿ ನಿಂತೆ.

"ಕಪ್ಪು ಫೋಟೋದ ಮೇಲೆ ಕೆಂಪು ಬಳಿದವಳು ನೀನು," ಎಂದರು. "ಇಲ್ಲದ ಗಾಯವನ್ನು ಇದೆ ಎಂದು ಬರೆಯುವುದು ನಿನಗೆ ಕಷ್ಟವೇ? ಇದನ್ನು ಹೇಗೆ ನಂಬುವುದು?"

"ಸ್ವಾಮಿ, ನರಸಯ್ಯನವರು ಇಟ್ಟ ಫೋಟೋಗೆ ಬಣ್ಣ ಹಾಕಿದ್ದೂ ಇದೇ ಕೈ," ಎಂದೆ. "ಅವಳ ಅಣ್ಣನೇ ನೀಲಿ ಎಂದರೂ ನಾನು ಇದ್ದ ಬಣ್ಣವನ್ನೇ ಹಾಕಿದೆ. ಅದನ್ನು ನಂಬಿ ಜಮಾದಾರರು ಮೂವತ್ತು ಹೆಂಗಸರಲ್ಲಿ ಒಬ್ಬಳನ್ನು ಹಿಡಿದರು. ಅದು ನಿಜವಾದರೆ ಇದೂ ನಿಜ. ಇದು ಸುಳ್ಳಾದರೆ ಅದೂ ಸುಳ್ಳು."

ಅಮಲ್ದಾರರು ಆಸ್ಪತ್ರೆಯ ನರ್ಸಮ್ಮನನ್ನು ಕರೆಸಿ, ಚಿಕ್ಕಲಕ್ಷ್ಮಿಯನ್ನು ಪಕ್ಕದ ಕೋಣೆಯಲ್ಲಿ ನೋಡಿಸಿದರು. ಆಕೆ ಫೋಟೋ ಹಿಡಿದು ಹೋಗಿ ಹಿಡಿದೇ ಬಂದಳು. "ಏಳಕ್ಕೆ ಏಳೂ ಸರಿಯಾಗಿದೆ," ಎಂದಳು. "ಬಣ್ಣವೂ ಅದೇ."

ಹೆಂಗಸು ಒಲ್ಲೆನೆಂದರೆ ಪೋಲೀಸರ ಕೈಯಲ್ಲಿ ಕಳಿಸುವುದು ಆಗದ ಮಾತು, ಅವಳು ಎಲ್ಲಿರಬೇಕೆನ್ನುತ್ತಾಳೋ ಅಲ್ಲಿರಲಿ ಎಂದಾಯಿತು. ಮತ್ತೆ ಅವಳ ತಂಟೆಗೆ ಹೋದರೆ ಈ ಫೋಟೋ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ ಎಂದು ನರಸಯ್ಯನಿಗೂ ಮಗನಿಗೂ ಹೇಳಿದರು. ಅವರು ಬಂದ ದಾರಿ ಹಿಡಿದರು. ಚಿಕ್ಕಲಕ್ಷ್ಮಿ ಗುಲ್ಜಾರ್ ಬೀ ಹತ್ತಿರವೇ ಇದ್ದಾಳೆ. ನೂಲು ತೆಗೆಯುವುದು ಚೆನ್ನಾಗಿ ಕಲಿತಿದ್ದಾಳಂತೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಲು ಹೋಗಿಲ್ಲ. ಹೋದ ವಾರ ಹೋದಾಗ ಊಟಕ್ಕೆ ಏಳಿ ಎಂದಳು, ಅಷ್ಟು ಸಾಕಾಯಿತು.

ಇದು ನನ್ನ ಕಥೆ. ನೋಡಿದ್ದನ್ನು ನಂಬದೆ ಊಹಿಸಿದ್ದನ್ನು ನಂಬಿದೆ, ಒಳ್ಳೆಯವರ ಮೇಲೆ ಅನುಮಾನಪಟ್ಟೆ. ಬೈರಪ್ಪಣ್ಣನ ಕಾಲು ಮುಟ್ಟಿ ತಪ್ಪಾಯಿತೆಂದಿದ್ದೇನೆ. ಈಗ ನಿನ್ನ ಮುಂದೆಯೂ ಹೇಳುತ್ತಿದ್ದೇನೆ, ತಪ್ಪಾಯಿತು ಶಿವಿ.

ಸಾಕಮ್ಮನಿಗೆ ಕುದೂರಿನ ಕಡೆಯಿಂದ ಬಂದಿದ್ದ ಮದುವೆಯ ಮಾತು ಈ ಗಲಾಟೆಯಲ್ಲಿ ಅರ್ಧಕ್ಕೆ ನಿಂತಿದೆ ಎಂದು ಬರೆದಿದ್ದೀಯ. ಸೋದರತ್ತೆ ಓಡಿಹೋದ ಮನೆಯ ಹೆಣ್ಣನ್ನು ಹೇಗೆ ತರುವುದು ಎಂದು ಅವರು ಕೇಳಿದರಂತೆ. ಹೆತ್ತವಳಿಗೆ ಅದು ಎಷ್ಟು ಉರಿಯುತ್ತದೆಂದು ಬಲ್ಲೆ. ಆ ಉರಿಯಲ್ಲಿ ಯಾರು ಏನು ಮಾಡಿದರೂ ಆಶ್ಚರ್ಯವಿಲ್ಲ.

ಮಕ್ಕಳಿಗೆ ನನ್ನ ಮುದ್ದು. ಬಿಸಿಲು ಹೆಚ್ಚಾಗಿದೆ, ನಿನಗೆ ತಲೆನೋವು ಬರುವ ಕಾಲ, ಹೊಲದಲ್ಲಿ ಬಹಳ ಹೊತ್ತು ನಿಲ್ಲಬೇಡ.

ಇಂತಿ,
ನಿನ್ನ ಜೊತೆ ಒಂದೇ ಸ್ಲೇಟಿನ ಮೇಲೆ ಅಕ್ಷರ ತಿದ್ದಿದ
ಜಹೀದಾ

ತಾ.ಕ.: ಕ್ಲೋಸ್‌ಪೇಟೆ, ಮಾಗಡಿ, ಚನ್ನಪಟ್ಟಣ ಎಲ್ಲವನ್ನೂ ಬಿಟ್ಟು ನರಸಯ್ಯ ಸೀದಾ ಕಾನಕಾನಹಳ್ಳಿಗೇ ಹೋದದ್ದು ಹೇಗೆ ಎಂದು ಜಮಾದಾರರನ್ನು ಕೇಳಿದೆ. ಸೀರೆಯ ಬಣ್ಣ ಊರ ದಾರಿ ತೋರಿಸುವುದಿಲ್ಲವಲ್ಲ. ನರಸಯ್ಯನಿಗೆ ಬಂದಿದ್ದ ಒಂದು ಅಂಚೆ ಕಾರ್ಡನ್ನು ಅವರು ತೋರಿಸಿದರು. ಹೆಸರಿಲ್ಲ. "ಹುಡುಗಿ ಕಾನಕಾನಹಳ್ಳಿಯ ಗುಲ್ಜಾರ್ ಬೀ ಮನೆಯಲ್ಲಿದ್ದಾಳೆ, ಗಲಾಟೆಯಿಲ್ಲದೆ ಕರೆದುಕೊಂಡು ಹೋಗಿ" ಎಂದಷ್ಟೇ ಇದೆ. ಬೈರಪ್ಪಣ್ಣ ನನಗೆ ಫೋಟೋ ತಂದುಕೊಡುವ ಎರಡು ದಿನ ಮೊದಲಿನ ತಾರೀಖು. ಅಕ್ಷರ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನೀನು ಊರು ತೋರಿಸಿದೆ, ನಾನು ಮುಖ ತೋರಿಸಿದೆ. ಕೆಲಸ ಮುಗಿಯಿತಲ್ಲ, ಕೊಡಿ ಎಂದು ಬೇಡಿ ಕಾರ್ಡನ್ನು ಇಸಿದುಕೊಂಡೆ. ಈ ಕಾಗದದೊಳಗೆ ಮಡಿಸಿಟ್ಟಿದ್ದೇನೆ, ಒಲೆಗೆ ಹಾಕು. ಬೈರಪ್ಪಣ್ಣ ನೋಡಿಲ್ಲ. ಚಿಕ್ಕಲಕ್ಷ್ಮಿಗೆ ಗೊತ್ತಿಲ್ಲ. ಹೋದ ವಾರ ಹೊರಡುವಾಗ ಅವಳು ಬಾಗಿಲವರೆಗೂ ಬಂದು, "ಅತ್ತಿಗೆಗೆ ಬರೀರಿ, ಸಾಕಮ್ಮನ ಮದುವೆ ಸೀರೆಗೆ ನೂಲು ನಾನೇ ತೆಗ್ದುಕೊಡ್ತೀನಿ ಅಂತ," ಎಂದಳು. ಅವಳಿಗೆ ನಾನು ಏನೆಂದು ಹೇಳಲಿ?